ಕೆರೆಯ ಫೋನು ನಮ್ಮ ಮನೆಯಲ್ಲಿ ಉಳಿದ ದಿನ

ಫಕೀರವ್ವನ ಹೆಸರನ್ನು ಮೊದಲೇ ಬರೆದುಬಿಡುತ್ತೇನೆ, ಯಾಕೆಂದರೆ ನಾಲ್ಕು ವರ್ಷ ನಾನು ಆ ಹೆಸರನ್ನು ಬಾಯಿಗೆ ತಂದಿರಲಿಲ್ಲ. ಗೋಡೆಗೆ ಗೋಡೆ ಹತ್ತಿದ ಮನೆ ಅವಳದು. ನಾನು ಇಲ್ಲಿ ರೊಟ್ಟಿ ಬಡಿದರೆ ಅಲ್ಲಿ ಅವಳ ಗೋಡೆಯ ಮಾಡದಲ್ಲಿನ ಚಹಾದ ಕಪ್ಪು ಅಲುಗುತ್ತದೆ, ಅಷ್ಟು ಹತ್ತಿರ. ಆದರೂ ಅವಳ ಸುದ್ದಿ ಬಂದರೆ ‘ಬಾಜೂ ಮನಿಯಾಕಿ’ ಎನ್ನುತ್ತಿದ್ದೆ, ಅಂದ ಮೇಲೆ ಬಾಯಿ ತೊಳೆದುಕೊಳ್ಳಬೇಕು ಎನ್ನುವಂತೆ ಮುಖ ಮಾಡುತ್ತಿದ್ದೆ. ನನ್ನ ಹೆಸರು ಕಲ್ಲವ್ವ. ಹೆಸರಿಗೆ ತಕ್ಕ ಸ್ವಭಾವ ಎಂದು ನನ್ನ ಗಂಡ ಮದುವೆಯಾದ ವರ್ಷದಿಂದಲೂ ಹೇಳುತ್ತ ಬಂದಿದ್ದಾನೆ.

ನಮ್ಮೂರಿನ ಕೆರೆ ಒಂದು ಕಡೆ ನಿಲ್ಲುವುದಿಲ್ಲ. ಇವತ್ತು ಬೆಳಿಗ್ಗೆ ಸಂತೆ ಬಯಲಿನಲ್ಲಿದ್ದರೆ ಸಂಜೆ ಹೊತ್ತಿಗೆ ಸ್ಮಶಾನದ ಹಿಂದೆ ಇರಬಹುದು. ನಾಳೆ ಹೈಸ್ಕೂಲಿನ ಮೈದಾನದಲ್ಲಿ, ನಾಡಿದ್ದು ಯಾರದೋ ಶೇಂಗಾ ಹೊಲದಲ್ಲಿ. ಹೋಗುವಾಗ ಸದ್ದಿಲ್ಲ. ಇದ್ದ ಜಾಗ ಒಣಗಿರುತ್ತದೆ, ಶೇಂಗಾ ಗಿಡದ ಒಂದು ಎಲೆಯೂ ಕೆಟ್ಟಿರುವುದಿಲ್ಲ. ಮೀನು, ಕಪ್ಪೆ, ಪಾಚಿ, ಎಲ್ಲ ಸಂಸಾರವನ್ನೂ ಕಟ್ಟಿಕೊಂಡೇ ಹೋಗುತ್ತದೆ. ಬೇರೆ ಊರಿನಿಂದ ಬಂದ ಸೊಸೆಯಂದಿರು ಒಂದು ತಿಂಗಳು ಬಾಯಿ ಬಿಟ್ಟುಕೊಂಡು ನೋಡುತ್ತಾರೆ. ಆಮೇಲೆ ಅವರೂ ನಮ್ಮ ಹಾಗೆಯೇ “ಇವತ್ತ ಎಷ್ಟ ದೂರ ಹೋಗೇತಲ್ಲವ್ವಾ, ಹಾಳಾದದ್ದು” ಎಂದು ಬೈಯುತ್ತ ಕೊಡ ಎತ್ತಿಕೊಳ್ಳುತ್ತಾರೆ. ಬೋರು ಕೊರೆಸಿದರೆ ಬರೀ ಧೂಳು ಬರುತ್ತದೆ. ನಮಗಿರುವುದು ಈ ಒಂದು ಕೆರೆ, ಮತ್ತು ಅದರ ಹಿಂದಿನ ಓಡಾಟ.

ನಾನು ಚಿಕ್ಕವಳಿದ್ದಾಗ ದಿನಾ ಬೆಳಿಗ್ಗೆ ಗುಡ್ಡ ಹತ್ತಿ ನೋಡಿ ಕೂಗಿ ಹೇಳುವವರಿದ್ದರು. ಆದರೆ ಗುಡ್ಡದ ಮೇಲಿಂದ ಕಾಣದ ತಗ್ಗುಗಳೂ ಇವೆಯಲ್ಲ. ನನ್ನ ಮದುವೆಯಾದ ಮೂರನೆಯ ವರ್ಷ ಕೆರೆ ಹದಿನೇಳು ದಿನ ಸಿಗಲಿಲ್ಲ. ಹಳೆಯ ಕಲ್ಲಿನ ಕ್ವಾರಿಯೊಳಗೆ ಇಳಿದು ಕೂತುಬಿಟ್ಟಿತ್ತು. ಆ ಹದಿನೇಳು ದಿನದಲ್ಲಿ ಎಷ್ಟೋ ದನ ಸತ್ತವು, ಎರಡು ಕೂಸು ಹೋದವು. ಒಂದು ನಮ್ಮ ನಾದಿನಿಯದು. ಅದಕ್ಕೇ ನಮ್ಮೂರಿನಲ್ಲಿ ಏನನ್ನು ಬೇಕಾದರೂ ನಗೆಯಾಡುತ್ತಾರೆ, ಕೆರೆ ತಪ್ಪಿಸಿಕೊಳ್ಳುವ ಮಾತನ್ನು ಮಾತ್ರ ನಗೆಯಾಡುವುದಿಲ್ಲ.

ಫೋನಿನ ಉಪಾಯ ರಾಜೇಸಾಬನದು. ಬಸ್ ಸ್ಟ್ಯಾಂಡಿನ ಎದುರು ಮೊಬೈಲ್ ರಿಪೇರಿ ಮಾಡುತ್ತಾನೆ, ಮೂಗಿನ ತುದಿಗೆ ಕನ್ನಡಕ, ಕಿವಿಯ ಮೇಲೆ ಸ್ಕ್ರೂಡ್ರೈವರು. ಯಾರೋ ಬಿಟ್ಟುಹೋದ ಒಡೆದ ಫೋನೊಂದು ಅವನ ಅಂಗಡಿಯಲ್ಲಿ ಬಿದ್ದಿತ್ತು. ಪರದೆ ಕಪ್ಪಾಗಿತ್ತು, ಮಾತಾಡಿದರೆ ಕೇಳುತ್ತಿರಲಿಲ್ಲ, ಆದರೆ ತಾನು ಎಲ್ಲಿದ್ದೇನೆ ಎನ್ನುವುದನ್ನು ಮಾತ್ರ ಬೇರೆ ಫೋನುಗಳಿಗೆ ಸರಿಯಾಗಿ ತಿಳಿಸುತ್ತಿತ್ತು. “ಕೆರಿಗೆ ಮಾತಾಡೂದು ಏನ್ ಬೇಕಾಗೇತಿ? ಎಲ್ಲಿ ಅದೀನಿ ಅಂತ ಹೇಳಿದ್ರ ಸಾಕಲ್ಲ” ಎಂದ. ಮೊದಲು ಸ್ಟೀಲಿನ ಟಿಫಿನ್ ಡಬ್ಬಿಯಲ್ಲಿ ಹಾಕಿ ತೇಲಿಬಿಟ್ಟರು. ಡಬ್ಬಿಯ ಮುಚ್ಚಳ ಹಾಕಿದ ಕೂಡಲೇ ಸಿಗ್ನಲ್ ಸತ್ತು, ಊರಿಗೆ ಊರೇ ಎರಡು ದಿನ ಕೊಡ ಹಿಡಿದುಕೊಂಡು ಅಲೆದಾಡಿತು. ರಾಜೇಸಾಬನನ್ನು ಎಷ್ಟು ಬೈದೆವೆಂದರೆ ಅವನು ಅಂಗಡಿಯ ಶಟರು ಅರ್ಧ ಇಳಿಸಿಕೊಂಡು ಕೆಲಸ ಮಾಡಿದ. ಆಮೇಲೆ ಪ್ಲಾಸ್ಟಿಕ್ಕಿನ ಉಪ್ಪಿನಕಾಯಿ ಡಬ್ಬಿ ಬಂತು. ಉದ್ದ ಹಗ್ಗ, ತಳಕ್ಕೆ ಒಂದು ಕಲ್ಲು. ಈಗ ಎಲ್ಲರ ಫೋನಿನಲ್ಲೂ ಒಂದು ನೀಲಿ ಚುಕ್ಕೆ ಕಾಣುತ್ತದೆ. ಚುಕ್ಕೆ ಎಲ್ಲಿದೆಯೋ ಅಲ್ಲಿ ಕೆರೆ. ಬೆಳಿಗ್ಗೆ ಎದ್ದು ದೇವರ ಫೋಟೋ ನೋಡುವ ಮೊದಲು ಚುಕ್ಕೆ ನೋಡುವವರೇ ಹೆಚ್ಚು.

ಆ ಫೋನಿಗೂ ಹೊಟ್ಟೆ ಇದೆ. ಮೂರು ದಿನಕ್ಕೊಮ್ಮೆ ಚಾರ್ಜು ಮಾಡಬೇಕು. ಅದಕ್ಕೆ ಪಾಳಿ ಹಚ್ಚಿದ್ದಾರೆ, ಅಕ್ಕಪಕ್ಕದ ಎರಡೆರಡು ಮನೆಗೆ ಒಂದು ಪಾಳಿ. ಬೆಳಗಿನ ನೀರು ಮುಗಿದ ಮೇಲೆ, ಹತ್ತು ಗಂಟೆಗೆ, ಒಂದು ಮನೆಯವರು ಫೋನನ್ನು ಮನೆಗೆ ತಂದು ಚಾರ್ಜಿಗೆ ಹಾಕುತ್ತಾರೆ. ಇನ್ನೊಂದು ಮನೆಯವರು ನೀರಿನಲ್ಲಿ ಕಾಲಿಟ್ಟು ಕೂರುತ್ತಾರೆ. ಮನುಷ್ಯರ ಕಾಲು ನೀರಿನಲ್ಲಿ ಇರುವಷ್ಟು ಹೊತ್ತು ಕೆರೆ ಕದಲುವುದಿಲ್ಲ. ಹಾಗಾದರೆ ಯಾರನ್ನಾದರೂ ಯಾವಾಗಲೂ ಕೂರಿಸಿದರಾಯಿತಲ್ಲ ಎಂದು ನೀವು ಕೇಳುತ್ತೀರಿ. ನಮ್ಮ ಹಿರಿಯರು ಅದನ್ನೂ ಮಾಡಿ ನೋಡಿದ್ದರು. ಮೂರು ದಿನ ಕಟ್ಟಿಹಾಕಿದರೆ ನೀರು ಹಳಸಿದ ಅಂಬಲಿಯ ಹಾಗೆ ನಾರುತ್ತದೆ. ಹೀಗಾಗಿ ಚಾರ್ಜು ಆಗುವ ತನಕ ಮಾತ್ರ ಕಾಲು. ಸಂಜೆ ನಾಲ್ಕು ಗಂಟೆ ಹೊಡೆಯುವುದರೊಳಗೆ ಫೋನು ತಿರುಗಿ ನೀರಿಗೆ ಬೀಳಬೇಕು, ಆಮೇಲೆ ಕಾಲು ತೆಗೆಯಬೇಕು. ಇದು ಒಂದು ದಿನವೂ ತಪ್ಪಿರಲಿಲ್ಲ. ಒಡೆದ ಫೋನಿನಿಂದ ಯಾರಿಗೂ ಕರೆ ಮಾಡಲಾಗುವುದಿಲ್ಲ. ಕಾಲಿಟ್ಟು ಕೂರುವವರ ಹತ್ತಿರ ಬೇರೆ ಫೋನಿಲ್ಲದಿದ್ದರೆ, ಮನೆಗೆ ಹೋಗುವವರು ತಮ್ಮ ಸ್ವಂತ ಫೋನನ್ನು ಅವರ ಕೈಗೆ ಕೊಟ್ಟು ಹೋಗುವುದು ಪದ್ಧತಿ. ಅಲ್ಲಿ ಹಾವು ಗೀವು ಬಂದರೆ ಯಾರನ್ನಾದರೂ ಕರೆಯಲು ಬೇಕಲ್ಲ.

ನನಗೂ ಫಕೀರವ್ವನಿಗೂ ಒಂದೇ ಪಾಳಿ. ನಾಲ್ಕು ವರ್ಷದ ಹಿಂದೆ ಕೆರೆ ಎರಡು ದಿನ ನಮ್ಮ ಓಣಿಯಲ್ಲೇ ಬಂದು ಮಲಗಿತ್ತು, ನನ್ನ ಹೊಸ್ತಿಲಿಗೂ ಅವಳ ಹೊಸ್ತಿಲಿಗೂ ನೀರು. ಅವಳು ಆಕಡೆ ಮುಸುರೆ ತೊಳೆದಳು, ಅನ್ನದ ಅಗುಳು ತೇಲಿಕೊಂಡು ನನ್ನ ಮೆಟ್ಟಿಲಿಗೆ ಬಂದವು. ಇಷ್ಟೇ ಜಗಳ. ಮಾತಿಗೆ ಮಾತು ಬೆಳೆದು, ಓಣಿಯ ಜನವೆಲ್ಲ ನಿಂತು ಕೇಳುತ್ತಿರುವಾಗ ನಾನು ಒಂದು ಮಾತು ಅಂದೆ. ಅವಳಿಗೆ ಮಕ್ಕಳಿಲ್ಲ. ಮಕ್ಕಳಿಲ್ಲದ ಹೆಂಗಸಿಗೆ ಯಾರೂ ಅನ್ನಬಾರದ ಮಾತು ಅದು, ಇಲ್ಲಿ ಬರೆಯುವುದಿಲ್ಲ. ಫಕೀರವ್ವ ತಿರುಗಿ ಒಂದೂ ಮಾತಾಡಲಿಲ್ಲ, ಪಾತ್ರೆ ಎತ್ತಿಕೊಂಡು ಒಳಗೆ ಹೋಗಿ ಕದ ಹಾಕಿಕೊಂಡಳು. ಅವಳು ನಾಲ್ಕು ಬೈದಿದ್ದರೆ ನನಗೂ ತಪ್ಪಾಯಿತು ಎನ್ನಲು ದಾರಿಯಿರುತ್ತಿತ್ತು. ಅವಳು ಬೈಯಲಿಲ್ಲ, ಅದಕ್ಕೆ ನನಗೇ ಸಿಟ್ಟು. ಅವತ್ತಿನಿಂದ ಪಾಳಿ ಬಂದಾಗಲೆಲ್ಲ ಮೂಕರ ಹಾಗೆ ಹೋಗಿ ಮೂಕರ ಹಾಗೆ ಬರುತ್ತಿದ್ದೆವು.

ಆ ದಿನ ಕೆರೆ ಊರಿಂದ ಎರಡು ಮೈಲಿ ದೂರ, ನಿಂತುಹೋದ ಇಟ್ಟಂಗಿ ಭಟ್ಟಿಯ ಹತ್ತಿರ ಇತ್ತು. ಹತ್ತು ಗಂಟೆಗೆ ಫಕೀರವ್ವ ಸೀರೆ ಎತ್ತಿ ಕಟ್ಟಿ, ಒಂದು ಕಲ್ಲಿನ ಮೇಲೆ ಕೂತು ನೀರಿಗೆ ಕಾಲಿಟ್ಟಳು. ನಾನು ಡಬ್ಬಿ ಎಳೆದುಕೊಂಡೆ. ಫಕೀರವ್ವನಿಗೆ ಸ್ವಂತ ಫೋನಿಲ್ಲ. ನನ್ನ ಫೋನನ್ನು ಅವಳ ಪಕ್ಕದಲ್ಲಿ ಇಟ್ಟೆ, ಕೈಗೆ ಕೊಡಲಿಲ್ಲ. ಅದರಲ್ಲಿ ಐದು ಪರ್ಸೆಂಟ್ ಚಾರ್ಜು ಇತ್ತು. ಹಿಂದಿನ ದಿನ ಹಾಕಲು ಮರೆತದ್ದು ನಿಜ. ಆದರೆ ಅವಳಿಗೆ ಹೇಳದೆ ಇಟ್ಟುಬಂದದ್ದು ಮರೆವಲ್ಲ. ಬಾಯಿ ಬಿಡುವುದಕ್ಕಿಂತ ಹಾಗೇ ಇರಲಿ ಎಂಬ ಸೊಕ್ಕು.

ಮನೆಗೆ ಬಂದೆ. ಕೆರೆಯ ಫೋನನ್ನು ಗೋಡೆಯ ಪ್ಲಗ್ಗಿಗೆ ಹಾಕಿದೆ, ಹಸಿರು ದೀಪ ಮಿನುಗಿತು. ನಾಯಿ ಒಳಗೆ ಬರುತ್ತದೆಂದು ಕದದ ಚಿಲಕ ಹಾಕಿದೆ. ನನ್ನ ಗಂಡ ಹಾಲಿನ ವ್ಯಾನು ಓಡಿಸುತ್ತಾನೆ, ರಾತ್ರಿಯ ಊಟಕ್ಕೇ ಮನೆಗೆ. ಸುಮ್ಮನೆ ಕೂರುವುದೇಕೆ, ಜೋಳ ಹಸನು ಮಾಡೋಣ ಎಂದು ಅಟ್ಟದ ಮೇಲಿನ ಡಬ್ಬಿ ಇಳಿಸಲು ಸ್ಟೂಲು ಹತ್ತಿದೆ. ಡಬ್ಬಿ ಕೈಗೆ ಬಂತು, ಸ್ಟೂಲು ಕಾಲಿನಿಂದ ಹೋಯಿತು. ಬಿದ್ದಾಗ ನನ್ನೊಳಗಿಂದಲೇ ಒಂದು ಸಪ್ಪಳ ಕೇಳಿಸಿತು, ಒಣ ಕಟ್ಟಿಗೆ ಮುರಿದ ಹಾಗೆ. ಬಲಗಾಲು ಎತ್ತಲು ನೋಡಿದೆ. ಅಯ್ಯಯ್ಯೋ, ಅದನ್ನು ನೆನೆಸಿಕೊಂಡರೆ ಈಗಲೂ ಕಣ್ಣು ಕತ್ತಲೆ ಬರುತ್ತದೆ.

ಕೂಗಿದೆ. ಹೊಟ್ಟೆಯಲ್ಲಿದ್ದ ಗಾಳಿಯೆಲ್ಲ ಹಾಕಿ ಕೂಗಿದೆ. ನಮ್ಮದು ಓಣಿಯ ಕೊನೆಯ ಮನೆ. ಹಗಲು ಹನ್ನೊಂದು ಗಂಟೆ, ಗಂಡಸರು ಹೆಂಗಸರು ಎಲ್ಲ ಕೆಲಸಕ್ಕೆ ಹೋದ ಹೊತ್ತು. ನಾನು ಸ್ವಲ್ಪ ಕೆಮ್ಮಿದರೂ ಕೇಳಿಸುವಷ್ಟು ಹತ್ತಿರದಲ್ಲಿ ಇರುವುದು ಒಬ್ಬಳೇ ಒಬ್ಬಳು, ಅವಳು ಎರಡು ಮೈಲಿ ಆಚೆ ನೀರಿನಲ್ಲಿ ಕಾಲಿಟ್ಟು ಕೂತಿದ್ದಾಳೆ.

ಕಾಲಿನ ನೋವು ದೊಡ್ಡದೇ. ಆದರೆ ಒಂದು ಗಂಟೆ ಕಳೆದ ಮೇಲೆ ಅದಕ್ಕಿಂತ ದೊಡ್ಡ ಭಯ ಶುರುವಾಯಿತು. ಫೋನು ಇಲ್ಲಿದೆ. ಕೆರೆಯಲ್ಲಿ ಫೋನಿಲ್ಲ. ಅದನ್ನು ಹಿಡಿದಿಟ್ಟಿರುವುದು ಫಕೀರವ್ವನ ಎರಡು ಕಾಲು ಮಾತ್ರ. ಅವಳು ಎದ್ದಳೆಂದರೆ ಕೆರೆ ಹೋಯಿತು, ಹೋದದ್ದು ಎಲ್ಲಿಗೆ ಎಂದು ಹೇಳುವವರು ಯಾರೂ ಇಲ್ಲ. ಹದಿನೇಳು ದಿನವೋ, ಮೂವತ್ತು ದಿನವೋ. ನಮ್ಮ ನಾದಿನಿ ಬಟ್ಟೆಯಲ್ಲಿ ಸುತ್ತಿದ ಕೂಸನ್ನು ಎತ್ತಿಕೊಂಡು ನಮ್ಮ ಬಾಗಿಲಲ್ಲಿ ನಿಂತಿದ್ದು ಕಣ್ಣ ಮುಂದೆ ಬಂತು. ಅವಳ ಬಾಯಿ ಒಣಗಿ ಅಳು ಸಹ ಹೊರಗೆ ಬರುತ್ತಿರಲಿಲ್ಲ.

ಫಕೀರವ್ವ ಏಳುತ್ತಾಳೆ ಎಂಬುದರಲ್ಲಿ ನನಗೆ ಅನುಮಾನವೇ ಇರಲಿಲ್ಲ. ನಿಜ ಹೇಳುತ್ತೇನೆ, ಅವಳ ಜಾಗದಲ್ಲಿ ನಾನಿದ್ದಿದ್ದರೆ ಅರ್ಧ ತಾಸಿಗೇ ಎದ್ದಿರುತ್ತಿದ್ದೆ. ‘ಕಲ್ಲವ್ವ ಬೇಕಂತ ನನ್ನನ್ನು ಕೂರಿಸಿ ಹೋಗಿದ್ದಾಳೆ, ಮನೆಯಲ್ಲಿ ಉಂಡು ಮಲಗಿದ್ದಾಳೆ, ಸತ್ತ ಫೋನು ಕೊಟ್ಟು ಹೋಗಿದ್ದಾಳೆ ನೋಡು’ ಎಂದು ಅವಳಿಗೆ ಅನಿಸದೆ ಇರುತ್ತದೆಯೇ? ಆ ಮಾತು ಅಂದವಳು ಇದನ್ನೂ ಮಾಡಿಯಾಳು ಎಂದೇ ತಿಳಿಯುತ್ತಾಳೆ. ತಿಳಿಯಲಿಕ್ಕೆ ನಾನೇ ಕಾರಣ. ನೆಲದ ಮೇಲೆ ಚೆಲ್ಲಿದ ಜೋಳದ ನಡುವೆ ಬಿದ್ದುಕೊಂಡು, “ಏಳಬ್ಯಾಡ ಫಕೀರವ್ವಾ, ಕೈ ಮುಗೀತೀನಿ, ಏಳಬ್ಯಾಡ” ಎಂದು ಗೋಡೆಗೆ ಹೇಳಿದೆ. ನಾಲ್ಕು ವರ್ಷದಲ್ಲಿ ಮೊದಲ ಸಲ ಆ ಹೆಸರು ಬಾಯಿಗೆ ಬಂದಿತ್ತು, ಕೇಳಬೇಕಾದವಳು ಅಲ್ಲಿರಲಿಲ್ಲ.

ಕದದ ಕಡೆಗೆ ತೆವಳಲು ನೋಡಿದೆ. ಒಂದು ಮೊಳ ಹೋಗುವಷ್ಟರಲ್ಲಿ ಪ್ರಜ್ಞೆ ತಪ್ಪಿತು. ಎಚ್ಚರವಾದಾಗ ಗಡಿಯಾರ ಎರಡೂವರೆ ತೋರಿಸುತ್ತಿತ್ತು. ಮತ್ತೆ ಕೂಗಿದೆ, ಗಂಟಲು ಕೂತುಹೋಯಿತು. ಮೂರು ಆಯಿತು. ಮೂರೂವರೆ ಆಯಿತು. ಫೋನಿನ ಹಸಿರು ದೀಪ ಮಿನುಗುವುದನ್ನು ನಿಲ್ಲಿಸಿ ನೆಟ್ಟಗೆ ಉರಿಯತೊಡಗಿತು. ಅದರ ಹೊಟ್ಟೆ ತುಂಬಿತ್ತು.

ನಾಲ್ಕು ಗಂಟೆ ಹೊಡೆದು ಹತ್ತು ನಿಮಿಷಕ್ಕೆ ಓಣಿಯಲ್ಲಿ ಕೊಡದ ಸಪ್ಪಳ ಕೇಳಿಸಿತು. ಆಮೇಲೆ ಎಮ್ಮೆಯ ಗಂಟೆ. ಆಮೇಲೆ ಸೈಕಲ್ಲು, ಬಂಡಿ, ಕಾಲ್ನಡಿಗೆಯವರು, ಜಾತ್ರೆಗೆ ಬಂದಷ್ಟು ಜನ. ಮೊದಲಿಗೆ ನನಗೆ ಅರ್ಥವಾಗಲಿಲ್ಲ. ಆಮೇಲೆ ತಿಳಿಯಿತು. ನಾಲ್ಕರ ನಂತರ ಚುಕ್ಕೆ ಎಲ್ಲಿದೆಯೋ ಅಲ್ಲಿ ಕೆರೆ, ಇದು ನಮ್ಮೂರಿನ ಕೂಸಿಗೂ ಗೊತ್ತು. ಚುಕ್ಕೆ ನಮ್ಮ ಮನೆಯ ಮೇಲಿತ್ತು. ಬೆಳಿಗ್ಗೆ ಕೆರೆಯನ್ನು ಭಟ್ಟಿಯ ಹತ್ತಿರ ಕಣ್ಣಾರೆ ನೋಡಿದವರೂ ಫೋನು ನೋಡಿಕೊಂಡು ಸೀದಾ ನಮ್ಮ ಬಾಗಿಲಿಗೆ ಬಂದಿದ್ದರು.

“ಇಲ್ಲೇ ತೋರಸ್ತೈತಿ ನೋಡ್ರಿ, ಕಲ್ಲವ್ವನ ಹಿತ್ತಲದಾಗ ಇರಬೇಕು” ಎಂದಿತು ಒಂದು ದನಿ. ಮಡಿವಾಳರ ಯಂಕಪ್ಪನದು. ಅವನು ಒಗೆಯುವ ಬಟ್ಟೆಯ ಗಂಟುಗಳನ್ನು ಟೆಂಪೋದಲ್ಲಿ ಹೇರಿಕೊಂಡೇ ಬಂದಿದ್ದ.

“ಹಿತ್ತಲದಾಗ ಇಲ್ಲೋ ಮಾರಾಯಾ, ನಾ ಗ್ವಾಡಿ ಹತ್ತಿ ನೋಡೀನಿ. ಬರೇ ಕೋಳಿ ಅದಾವು.”

“ಹಂಗಾರ ಮನಿಯೊಳಗ ಹೊಕ್ಕೈತೇನು?”

“ಒಳಗ ಇಟ್ಕೊಂಡು ಕದ ಹಾಕ್ಯಾಳೇನು ಮತ್ತ? ಆಕಿ ಮಾಡಿದ್ರೂ ಮಾಡಿದ್ಲಪ್ಪಾ!” ಇದು ಒಬ್ಬ ಹೆಂಗಸಿನ ದನಿ. ಯಾರದೆಂದು ನನಗೆ ಗೊತ್ತು, ಹೆಸರು ಹೇಳುವುದಿಲ್ಲ, ಅವಳು ಈಗ ನಮ್ಮ ಮನೆಗೆ ದಿನಾ ಬರುತ್ತಾಳೆ.

ನಾನು ಇದ್ದಬದ್ದ ಶಕ್ತಿ ಹಾಕಿ ಜೋಳದ ಡಬ್ಬಿಗೆ ಕೈಗೆ ಸಿಕ್ಕ ಸಟ್ಟುಗದಿಂದ ಬಡಿದೆ. ಹೊರಗೆ ಸದ್ದಡಗಿತು. “ಬಿದ್ದೀನೋ ಯಂಕಪ್ಪಾ! ಕದ ಮುರೀರೋ!” ಎಂದೆ. ಬಂದದ್ದು ಕಪ್ಪೆಯ ದನಿ. ಆದರೂ ಕೇಳಿಸಿತು. ನಾಲ್ಕು ಹೆಗಲು ಬಿದ್ದವು, ಚಿಲಕದ ಜೊತೆ ಕದವೂ ಕಿತ್ತುಬಂತು. ಜನ ಒಳಗೆ ನುಗ್ಗಿದರು. ಕೈಯಲ್ಲಿ ಕೊಡ, ತಲೆಯ ಮೇಲೆ ಬುಟ್ಟಿ. ನಾನು ಕಾಲು ಸೊಟ್ಟ ಮಾಡಿಕೊಂಡು ಬಿದ್ದಿರುವುದನ್ನು ಕಂಡು ಬಾಯಿಗೆ ಸೆರಗು ಹಚ್ಚಿಕೊಂಡವರೂ, ಅದೇ ಹೊತ್ತಿಗೆ ಮಂಚದ ಕೆಳಗೆ ಬಗ್ಗಿ ನೀರಿದೆಯೋ ಎಂದು ನೋಡಿದವರೂ ಇದ್ದರು. ನಗಬೇಕೋ ಅಳಬೇಕೋ ತಿಳಿಯಲಿಲ್ಲ, ಎರಡೂ ಒಟ್ಟಿಗೆ ಬಂತು. ಅವರ ಕಾಲು ಕಂಡರೆ ಸಾಕು, ಮುತ್ತಿಡಬೇಕು ಎನಿಸಿತು. ಯಾರೋ ತಲೆ ಎತ್ತಿ ಹಿಡಿದರು, ಯಾರೋ ತಮ್ಮ ಮನೆಯ ಕೊನೆಯ ತಂಬಿಗೆ ನೀರನ್ನು ಬಾಯಿಗೆ ಹಿಡಿದರು.

ನಾನು ಎರಡು ಗುಟುಕು ಕುಡಿದು ತಂಬಿಗೆ ದೂಡಿದೆ. “ಫಕೀರವ್ವ ನೀರಾಗ ಕುಂತಾಳ. ಭಟ್ಟಿ ಹತ್ರ. ಮುಂಜಾನಿಂದ ಒಬ್ಬಾಕೀನ ಕುಂತಾಳ” ಎಂದೆ.

ಎಲ್ಲರೂ ಗೋಡೆಯಲ್ಲಿ ತೂಗುತ್ತಿದ್ದ ಕೆರೆಯ ಫೋನನ್ನು ನೋಡಿದರು. ಜನರ ನಡುವಿದ್ದ ರಾಜೇಸಾಬ ನನ್ನ ನಂಬರಿಗೆ ಕರೆ ಮಾಡಿದ, ಸ್ವಿಚ್ ಆಫ್ ಎಂದು ಬಂತು. “ಆಕಿ ಎದ್ದಿದ್ರ?” ಎಂದು ಯಾರೋ ಮೆಲ್ಲಗೆ ಕೇಳಿದರು. ನಾವಿಬ್ಬರೂ ಹೇಗಿದ್ದೇವೆ ಎಂಬುದು ಊರಿಗೇ ಗೊತ್ತು.

ಯಂಕಪ್ಪ ಟೆಂಪೋದ ಬಟ್ಟೆಯ ಗಂಟುಗಳನ್ನು ಹಾಸಿಗೆಯ ಹಾಗೆ ಹರಡಿದ. ಮುರಿದ ಕದವನ್ನೇ ನನ್ನ ಕೆಳಗೆ ತೂರಿಸಿ, ಎತ್ತಿ ಟೆಂಪೋದಲ್ಲಿ ಮಲಗಿಸಿದರು. ಆಸ್ಪತ್ರೆಗೂ ಭಟ್ಟಿಗೂ ಒಂದೇ ರಸ್ತೆ. ಫೋನಿನ ಡಬ್ಬಿಯನ್ನು ರಾಜೇಸಾಬ ಮೋಟಾರ್ ಸೈಕಲ್ಲಿನಲ್ಲಿ ಮುಂದೆ ಒಯ್ಯುತ್ತೇನೆ ಎಂದ. ನಾನು ಕೊಡಲಿಲ್ಲ. “ನಾ ತಂದದ್ದು, ನಾನ ಕೊಡ್ತೀನಿ” ಎಂದು ಎದೆಗೆ ಅವುಚಿಕೊಂಡೆ. ಹಟ ಅನ್ನಿ, ಏನಾದರೂ ಅನ್ನಿ. ಅವಳು ಅಲ್ಲಿ ಇರದಿದ್ದರೆ ಆ ಖಾಲಿ ನೆಲವನ್ನು ನಾನೂ ನೋಡಬೇಕಿತ್ತು.

ದಾರಿಯಲ್ಲಿ ಒಂದೊಂದು ಗುಂಡಿಗೂ ಜೀವ ಬಾಯಿಗೆ ಬಂತು. ಹಿಂದೆ ಜನ ಕೊಡ ಹಿಡಿದು ಓಡಿ ಬರುತ್ತಿದ್ದರು. ಭಟ್ಟಿಯ ಚಿಮಣಿ ಕಂಡಿತು. ಟೆಂಪೋದ ಪಕ್ಕದ ಹಲಗೆ ಅಡ್ಡವಿದ್ದುದರಿಂದ ನನಗೆ ಆಕಾಶ ಬಿಟ್ಟರೆ ಏನೂ ಕಾಣುತ್ತಿರಲಿಲ್ಲ. “ಐತೇನೋ? ಯಂಕಪ್ಪಾ, ಐತೇನೋ?” ಎಂದು ಕೇಳಿದೆ. ಅವನು ಬ್ರೇಕು ಹಾಕಿದ. ಹಿಂದಿನ ಹಲಗೆ ಕೆಳಗೆ ಬಿಟ್ಟ.

ನೀರು ಇತ್ತು. ಇಳಿಬಿಸಿಲಿನಲ್ಲಿ ಅಂಚಿನ ತನಕ ತುಂಬಿಕೊಂಡು ಇತ್ತು. ಅದೇ ಕಲ್ಲಿನ ಮೇಲೆ ಫಕೀರವ್ವ ಕೂತಿದ್ದಳು, ತಲೆಯ ಮೇಲೆ ಸೆರಗು, ಎರಡೂ ಕಾಲು ಮೊಣಕಾಲ ತನಕ ನೀರಿನಲ್ಲಿ. ಬಿಸಿಲಿಗೆ ಮುಖ ಕಪ್ಪಿಟ್ಟಿತ್ತು. ಬೆಳಿಗ್ಗೆ ಹತ್ತರಿಂದ ಸಂಜೆ ಐದರ ತನಕ ಅವಳು ಊಟ ಮಾಡಿರಲಿಲ್ಲ, ಯಾರ ಮುಖವನ್ನೂ ನೋಡಿರಲಿಲ್ಲ. ಟೆಂಪೋ ನೋಡಿದಳು, ಅದರಲ್ಲಿ ಮಲಗಿದ್ದ ನನ್ನನ್ನು ನೋಡಿದಳು, ನನ್ನ ಕಾಲನ್ನು ನೋಡಿದಳು. ಏಳಲಿಲ್ಲ.

“ಚಾರ್ಜ್ ಆತೇನು?” ಎಂದಳು.

“ನೂರಕ್ಕ ನೂರು” ಎಂದೆ.

ಡಬ್ಬಿ ಕೈಯಿಂದ ಕೈಗೆ ಹೋಗಿ ನೀರಿಗೆ ಬಿತ್ತು. ರಾಜೇಸಾಬ ತನ್ನ ಫೋನು ನೋಡಿ, “ಬಂತು, ಚುಕ್ಕಿ ಬಂತು” ಎಂದು ಕೂಗಿದ ಮೇಲೆಯೇ ಅವಳು ಕಾಲು ತೆಗೆದಳು. ತೆಗೆದರೆ ನಿಲ್ಲಲಾಗಲಿಲ್ಲ. ಪಾದ ಬೆಂದ ಆಲೂಗಡ್ಡೆಯ ಸಿಪ್ಪೆಯ ಹಾಗೆ ಸುಕ್ಕಾಗಿ ಬೆಳ್ಳಗಾಗಿದ್ದವು, ಹಿಮ್ಮಡಿಯಲ್ಲಿ ಎರಡು ಜಿಗಣೆ. ಇಬ್ಬರು ಹೆಂಗಸರು ಎತ್ತಿ ತಂದು ನನ್ನ ಪಕ್ಕದಲ್ಲೇ ಬಟ್ಟೆಯ ಗಂಟಿನ ಮೇಲೆ ಕೂರಿಸಿ, “ಇಕೀನ್ನೂ ತೋರಿಸ್ಕೊಂಡ ಬರ್ರಿ” ಎಂದರು. ಟೆಂಪೋ ಹೊರಟಿತು.

ನಾನು ಸುಮ್ಮನಿರುವ ಹೆಂಗಸಲ್ಲ. ಅವತ್ತು ಮಾತ್ರ ಬಾಯಿ ತೆರೆಯಲು ಅರ್ಧ ಮೈಲಿ ಬೇಕಾಯಿತು. “ನೀ ಎದ್ದ ಹೋಗಿರ್ತಿ ಅಂತ ತಿಳಿದಿದ್ನಿ” ಎಂದೆ.

“ಯಾಕ ಹೋಗ್ಲಿ?”

“ನಾ ಬೇಕಂತ ಮಾಡೀನಿ ಅಂತ ನಿನಗ ಅನಸಲಿಲ್ಲೇನು? ಫೋನು ಬ್ಯಾರೆ ಸತ್ತದ್ದು ಕೊಟ್ಟ ಹೋಗಿದ್ನಿ.”

ಫಕೀರವ್ವ ತನ್ನ ಪಾದ ತಿಕ್ಕಿಕೊಳ್ಳುತ್ತ ಹೇಳಿದಳು: “ಅನಸ್ತು. ಸುಳ್ಳ ಯಾಕ ಹೇಳ್ಲಿ? ನಾಕೂವರಿಗೆ ಒಂದು ಕಾಲು ತಗದೂ ತಗದಿದ್ದೆ. ನೀರು ಜುಮ್ ಅಂತು. ಆಗ ಇಚಾರ ಬಂತು. ಕಲ್ಲವ್ವ ಬಾಯಿಲೆ ಕೊಲ್ಲಾಕಿ ಖರೆ, ಹಿಂಗ ಸುಮ್ಮ ಕುಂತು ಊರ ಕೊಲ್ಲಾಕಿ ಅಲ್ಲ. ಬಂದಿಲ್ಲ ಅಂದ್ರ ಆಕಿಗೇ ಏನರ ಆಗೇತಿ ಅಂತ. ಕಾಲು ಮತ್ತ ಒಳಗ ಇಟ್ಟೆ.”

ಇಡೀ ಹಗಲು ನಾನು ನೆಲದ ಮೇಲೆ ಬಿದ್ದುಕೊಂಡು ಅವಳ ಬಗ್ಗೆ ಏನೇನು ಯೋಚಿಸಿದ್ದೆನೋ, ಅವಳು ನೀರಿನಲ್ಲಿ ಕೂತು ನನ್ನ ಬಗ್ಗೆ ಕೊನೆಗೆ ಅದರ ಉಲ್ಟಾ ಯೋಚಿಸಿದ್ದಳು. ನನ್ನ ಮೇಲೆ ಅಷ್ಟು ನಂಬಿಕೆ ನನಗೇ ಇರಲಿಲ್ಲ. ಅಳು ತಡೆಯಲಾಗಲಿಲ್ಲ, ಕಾಲಿನ ನೋವಿಗೆ ಅಳುತ್ತಿದ್ದೇನೆ ಎಂದು ಯಂಕಪ್ಪ ಟೆಂಪೋ ನಿಧಾನ ಮಾಡಿದ.

“ಫಕೀರವ್ವಾ” ಎಂದೆ, “ಅವತ್ತ ಓಣಿಯಾಗ ನಾ ಅಂದ ಮಾತು, ಅದು ಅನಬಾರದಿತ್ತು. ತಪ್ಪಾತು. ದೊಡ್ಡ ತಪ್ಪಾತು.”

ಅವಳ ಕಣ್ಣೂ ತುಂಬಿದ್ದವು, ಆದರೆ ದನಿ ಗಟ್ಟಿಯಾಗಿಯೇ ಇತ್ತು. “ಇಷ್ಟ ಹೇಳಾಕ ಕಾಲು ಮುರಕೋಬೇಕಾತೇನ ನಿನಗ?” ಎಂದಳು. ಆಮೇಲೆ ನನ್ನ ಮುರಿದ ಕಾಲನ್ನು ತನ್ನ ತೊಡೆಯ ಮೇಲೆ ಮೆಲ್ಲಗೆ ಎತ್ತಿಟ್ಟುಕೊಂಡು ಎರಡೂ ಕೈಯಿಂದ ಅಲುಗದ ಹಾಗೆ ಹಿಡಿದಳು, ಆಸ್ಪತ್ರೆ ಬರುವ ತನಕ ಬಿಡಲಿಲ್ಲ.